ಕೆರೆ ಹಬ್ಬಕ್ಕೆ ಏರಿ ಬಿಟ್ಟು ಕಾಲುವೆಗೆ ಬನ್ನಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕೆರೆ ಬಳಕೆದಾರರ ಸಂಘದವರಿಗೆ, ಸ್ತ್ರೀಶಕ್ತಿ ಸಂಘದವರಿಗೆ, ಯುವಕ ಸಂಘದವರಿಗೆ, ಯಾವ ಸಂಘದಲ್ಲೂ ಹೆಸರಿಲ್ಲದೆ ಊರ ಕೆಲಸಕ್ಕೆ ಬಂದು ನಿಲ್ಲುವವರಿಗೆ,



ಕೆರೆ, ಗೋಮಾಳ, ಗುಂಡುತೋಪು ಉಳಿಸಿಕೊಂಡ ಊರುಗಳೆಲ್ಲ ಸೇರಿ ಒಂದು ಹಬ್ಬ ಮಾಡಬೇಕು ಅನ್ನುವ ಮಾತು ನಿಮ್ಮಲ್ಲಿ ಆಗಾಗ ಬರುತ್ತದೆ. ಶಾಮಿಯಾನ ಎಲ್ಲಿ ಹಾಕಿಸೋಣ, ತಮಟೆಯವರನ್ನು ಯಾವ ಊರಿಂದ ಕರೆಸೋಣ, ಶಾಸಕರು ಯಾವತ್ತು ಸಿಗುತ್ತಾರೆ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಹಬ್ಬ ಬೇಡ ಅನ್ನಲು ಈ ಕಾಗದ ಬರೆಯುತ್ತಿಲ್ಲ. ಹಬ್ಬ ಆಗಲೇಬೇಕು. ನನ್ನ ತಕರಾರು ಎರಡೇ: ಹಬ್ಬದ ತಿಂಗಳು, ಹಬ್ಬದ ಜಾಗ.

ನಮ್ಮ ಕಡೆ ಕೆರೆಗೆ ಹಬ್ಬವಾಗುವುದು ಕೋಡಿ ಬಿದ್ದಾಗ. 2021ರ ನವೆಂಬರ್ ತಿಂಗಳು ನಿಮಗೆ ನೆನಪಿರಬೇಕು. ವರ್ಷಗಟ್ಟಲೆ ಬಿರುಕು ಬಿಟ್ಟು ಮಲಗಿದ್ದ ಕೆರೆಗಳು ಒಂದರ ಹಿಂದೊಂದು ಕೋಡಿ ಹರಿದವು. ಪಾಲಾರ್ ಎಂಬ ನದಿಯೊಂದು ನಮ್ಮ ಜಿಲ್ಲೆಯಲ್ಲಿದೆ ಎಂದು ಮಕ್ಕಳಿಗೆ ಆಗ ಗೊತ್ತಾಯಿತು. ಹೆಂಗಸರು ತಂಬಿಟ್ಟಿನ ದೀಪ ತಲೆಯ ಮೇಲೆ ಹೊತ್ತು ಏರಿಗೆ ಬಂದರು, ಗಂಗಮ್ಮನಿಗೆ ಮರಿ ಬಿತ್ತು, ಮೊರದ ಬಾಗಿನ ತೇಲಿತು. ಗಂಗಮ್ಮನ ಪದ ತೆಲುಗಿನಲ್ಲಿ, ಅಧ್ಯಕ್ಷರ ಭಾಷಣ ಕನ್ನಡದಲ್ಲಿ. ನಮ್ಮ ಸೀಮೆಯಲ್ಲಿ ಹಾಗೇ. ಅಂಥ ದಿನ ಯಾರಿಗೆ ಬೇಡ? ಆದರೆ ಕೋಡಿ ಬೀಳುವ ದಿನ ಊರು ಮಾಡಬೇಕಾದ ಕೆಲಸ ಏನೂ ಉಳಿದಿರುವುದಿಲ್ಲ. ಕೆಲಸವಿದ್ದದ್ದು ಆರು ತಿಂಗಳ ಹಿಂದೆ, ಅದೂ ಏರಿಯಿಂದ ಎರಡು ಮೈಲಿ ಮೇಲೆ, ಗುಡ್ಡದ ಬುಡದಲ್ಲಿ, ಗೋಮಾಳದ ಪಕ್ಕದ ಕಾಲುವೆಯಲ್ಲಿ. ಅಲ್ಲಿಗೆ ಶಾಮಿಯಾನ ಹೋದದ್ದನ್ನು ನಾನು ಕಂಡಿಲ್ಲ.

ಇದು ಕೆರೆಗಳ ಸೀಮೆ ಎಂದು ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಎಷ್ಟರಮಟ್ಟಿಗೆ ಎಂಬುದು ಸ್ಯಾಂಕಿಗೆ ಗೊತ್ತಿತ್ತು. ಬೆಂಗಳೂರಿನವರಿಗೆ ಕೆರೆಯ ಹೆಸರಾಗಿ ಉಳಿದಿರುವ ಈತ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದವನು. ಈ ನಾಡಿನಲ್ಲಿ ಹೊಸ ಕೆರೆ ಕಟ್ಟಲು ಜಾಗ ಹುಡುಕಬೇಕಾದರೆ ಬುದ್ಧಿ ಖರ್ಚು ಮಾಡಬೇಕಾದೀತು ಎಂಬರ್ಥದ ಮಾತನ್ನು 1866ರಲ್ಲೇ ಬರೆದ. ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರದು ಮತ್ತೊಂದಕ್ಕೆ. ಪಾಲಾರ್ ನಮ್ಮಲ್ಲಿ ಹರಿಯುವುದಕ್ಕಿಂತ ಹೀಗೆ ಮೆಟ್ಟಿಲಿಳಿಯುವುದೇ ಹೆಚ್ಚು. ಕೆಳಗಿನ ಮದ್ರಾಸಿನವರಿಗೆ ಇದರ ಚಿಂತೆ ಹತ್ತಿತ್ತು. 1892ರ ಮದ್ರಾಸ್–ಮೈಸೂರು ಒಪ್ಪಂದದಲ್ಲಿ, ಕಾವೇರಿಯ ಜೊತೆಗೆ ಪಾಲಾರ್, ಪಿನಾಕಿನಿಗಳ ಹೆಸರೂ ಸೇರಿ, ಮದ್ರಾಸಿನ ಒಪ್ಪಿಗೆಯಿಲ್ಲದೆ ಹೊಸ ನೀರಾವರಿ ಕೆಲಸ ಮಾಡುವಂತಿಲ್ಲ ಎಂದಾಯಿತು. ಹನ್ನೊಂದು ವರ್ಷ ಕಳೆದು, 1903ರ ನವೆಂಬರಿನಲ್ಲಿ ಮೇಲಿನ ಕೆರೆಗಳು ಒಡೆದು, ಬೇತಮಂಗಲದ ದೊಡ್ಡ ಕೆರೆಯೂ ತಡೆಯಲಾರದೆ ಹೋದಾಗ, ಪಾಲಾರ್ ಉಕ್ಕಿ ವಾಣಿಯಂಬಾಡಿಯಲ್ಲಿ ನೂರಾರು ಜನ ಸತ್ತರು. ನಮ್ಮೂರ ಕೆರೆ ನಮ್ಮೂರಿನದು ಅನ್ನುವುದು ಅರ್ಧ ಸತ್ಯ ಅನ್ನಲು ಇದಕ್ಕಿಂತ ಕಟು ಸಾಕ್ಷಿ ಬೇಡ. ಹಬ್ಬಕ್ಕೆ ನೀವು ಕರೆಯಬೇಕಾದ ಮೊದಲ ನೆಂಟರು ಮೇಲಿನ ಊರಿನವರು, ಆಮೇಲೆ ಕೆಳಗಿನ ಊರಿನವರು. ಶಾಸಕರು ಪುರಸೊತ್ತಿದ್ದರೆ ಬರಲಿ.

ಈಗ ಕೆರೆಯ ನೀರು ಬಿಡುತ್ತಿದ್ದ ನೀರುಗಂಟಿಯ ಮಾತಿಗೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಪ್ಪತ್ತರ ಹುಡುಗರಿಗೆ ಈ ಹೆಸರೇ ಗೊತ್ತಿಲ್ಲ.

ಏರಿಯ ಒಳಮೈಗೆ ಅಂಟಿಕೊಂಡಂತೆ ಎರಡು ಕಲ್ಲುಕಂಬ ನಿಂತಿರುತ್ತವಲ್ಲ, ನಡುವೆ ಅಡ್ಡಗಲ್ಲು, ಅದೇ ತೂಬು. ಬುಡದ ಚಪ್ಪಡಿಯಲ್ಲಿ ಒಂದು ತೂತು, ತೂತಿಗೆ ಮರದ ಬಿರಡೆ, ಬಿರಡೆಗೆ ಉದ್ದನೆಯ ಕೋಲು. ಕೋಲು ಎತ್ತಿದರೆ ಏರಿಯ ಕೆಳಗಿಂದ ನೀರು ಅಚ್ಚುಕಟ್ಟಿಗೆ ಹೋಗುತ್ತದೆ. ಬಿರಡೆ ಸರಿಯಾಗಿ ಕೂರದೆ ನೀರು ಸೋರತೊಡಗಿದರೆ ನೀರುಗಂಟಿ ಮುಳುಗಿ, ಉಸಿರು ಹಿಡಿದು, ಹುಲ್ಲು ಕೆಸರು ತುರುಕಿ ಮುಚ್ಚಬೇಕಿತ್ತು. ಯಾರ ಗದ್ದೆಗೆ ಯಾವ ಜಾವದಲ್ಲಿ ನೀರು ಎಂಬುದು ಅವನ ತಲೆಯಲ್ಲಿರುತ್ತಿತ್ತು. ಹಗಲು ನೆರಳು ನೋಡಿ, ರಾತ್ರಿ ಚುಕ್ಕಿ ನೋಡಿ ಸರದಿ ಬದಲಾಯಿಸುತ್ತಿದ್ದ. ನೀರು ಕಡಿಮೆಯಾದ ವರ್ಷ ಇಷ್ಟು ಮಡಿಗೆ ಮಾತ್ರ ಎಂದು ಊರು ತೀರ್ಮಾನಿಸಿದರೆ, ಪಟೇಲನ ಗದ್ದೆಯ ಬಾಯಿಗೂ ಅವನೇ ಮಣ್ಣು ಹಾಕಬೇಕಿತ್ತು. ಮಳೆಗಾಲಕ್ಕೆ ಮುಂಚೆ ಪೋಷಕ ಕಾಲುವೆ ಉದ್ದಕ್ಕೂ ನಡೆದು ಎಲ್ಲಿ ಮಣ್ಣು ಕುಸಿದಿದೆ, ಎಲ್ಲಿ ಕಳ್ಳಿ ಬೆಳೆದಿದೆ ನೋಡಿ ಬರುತ್ತಿದ್ದವನೂ ಅವನೇ. ಕೂಲಿಯೆಂದರೆ ಸುಗ್ಗಿಯಲ್ಲಿ ಕಣದ ಆಯ, ಜೊತೆಗೆ ಒಂದಿಷ್ಟು ಇನಾಮು ಭೂಮಿ.

ನೀರುಗಂಟಿಗಳು ಬಹುಪಾಲು ಊರುಗಳಲ್ಲಿ ದಲಿತ ಮನೆತನದವರು. ಊರ ನೀರಿನ ಲೆಕ್ಕವೆಲ್ಲ ಅವನ ಕೈಯಲ್ಲಿ, ಊರ ಬಾವಿಯ ನೀರು ಮಾತ್ರ ಅವನು ಮುಟ್ಟುವಂತಿರಲಿಲ್ಲ. ಹಾಗಾಗಿ ಹಳೇ ಕಾಲ ಎಷ್ಟು ಚೆನ್ನಾಗಿತ್ತು ಎಂದು ರಾಗ ಎಳೆಯುವವರ ಗುಂಪಿಗೆ ನಾನಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಈ ಚಾಕರಿಯನ್ನು ತೆಗೆದುಹಾಕಿತು, ತೆಗೆಯಬೇಕಾದದ್ದೇ. ತಪ್ಪಾದದ್ದು ಆಮೇಲೆ. ಹುದ್ದೆ ಹೋಯಿತು, ಕೆಲಸ ಹಾಗೇ ಉಳಿಯಿತು, ಅದನ್ನು ಯಾರಿಗೂ ವಹಿಸಲಿಲ್ಲ. 2002ರಿಂದ ಜಲ ಸಂವರ್ಧನೆ ಯೋಜನಾ ಸಂಘ ವಿಶ್ವಬ್ಯಾಂಕ್ ಸಾಲದಲ್ಲಿ ಊರೂರಿಗೆ ಕೆರೆ ಬಳಕೆದಾರರ ಸಂಘ ಮಾಡಿಸಿತು. ಯೋಜನೆ ಇರುವವರೆಗೆ ಸಭೆ ನಡೆದವು. ಈಗ ಎಷ್ಟು ಸಂಘಗಳ ಪಾಸ್‌ಬುಕ್ಕು ಯಾರ ಮನೆಯ ಬೀರುವಿನಲ್ಲಿದೆ ಎಂಬುದನ್ನು ನೀವೇ ಹೇಳಬೇಕು. ಬೇರೆ ಥರದ ಉದಾಹರಣೆಯೂ ನಮ್ಮಲ್ಲೇ ಇದೆ. ಮುಳಬಾಗಿಲು ತಾಲ್ಲೂಕಿನ ಹೊನ್ನಶೆಟ್ಟಿಹಳ್ಳಿಯ ಗ್ರಾಮ ವಿಕಾಸ ಸಂಸ್ಥೆ ಹೆಣ್ಣುಮಕ್ಕಳ ಸಂಘಗಳನ್ನು ಮುಂದೆ ಮಾಡಿ ಕೆರೆ ಕೆಲಸ ಮಾಡಿಸಿತು. ನೀರು ಹೊತ್ತು ತರುವವರ ಕೈಗೆ ಕೆರೆಯ ಲೆಕ್ಕ ಕೊಟ್ಟರೆ ಪಾಸ್‌ಬುಕ್ಕು ಅಷ್ಟು ಸುಲಭವಾಗಿ ಬೀರು ಸೇರುವುದಿಲ್ಲ ಅಂತ ನನ್ನ ನಂಬಿಕೆ.

ಹಬ್ಬದಲ್ಲಿ ನೀರುಗಂಟಿ ಮನೆಯ ಹಿರಿಯರಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡು ಕಳಿಸುವ ಯೋಚನೆ ಇದ್ದರೆ ದಯವಿಟ್ಟು ಬೇಡ. ಅವರನ್ನು ಹಬ್ಬಕ್ಕೆ ಮೊದಲೇ ಕಾಲುವೆಗೆ ಕರೆದುಕೊಂಡು ಹೋಗಿ. ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ಕಾಲುವೆ ಎಲ್ಲಿಂದ ಎಲ್ಲಿಗೆ ಇತ್ತು, ಎಷ್ಟು ಅಗಲ ಇತ್ತು ಎಂದು ಊರಿನಲ್ಲಿ ಸರಿಯಾಗಿ ಹೇಳಬಲ್ಲವರು ಅವರು. ಅವರ ಬೆನ್ನಿಗೆ ಒಬ್ಬ ಹೈಸ್ಕೂಲು ಹುಡುಗಿ ಮೊಬೈಲಿನಲ್ಲಿ ನಕ್ಷೆ ಗುರುತು ಹಾಕುತ್ತಾ ನಡೆದರೆ, ನಿಮ್ಮ ಹಬ್ಬದ ಅರ್ಧ ಕೆಲಸ ಮುಗಿಯಿತು.

ಕೆ.ಸಿ. ವ್ಯಾಲಿ ನೀರು ಬಂದಿದೆಯಲ್ಲ, ಇನ್ನೇಕೆ ಕಾಲುವೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಕೇಳಬೇಕಾದ ಪ್ರಶ್ನೆಯೇ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದು ಬಿದ್ದಾಗ ಜನ ಅದಕ್ಕೂ ಪೂಜೆ ಮಾಡಿದರು. ಮುಂದಿನ ತಿಂಗಳೇ ನೊರೆ ಬಂತು, ಹೈಕೋರ್ಟಿನಿಂದ ತಡೆ ಬಂತು, ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ ಕೊನೆಗೆ ತಡೆ ತೆರವಾಯಿತು. ದಿನಕ್ಕೆ 440 ದಶಲಕ್ಷ ಲೀಟರ್, ಮೊದಲ ಹಂತದಲ್ಲಿ 126 ಕೆರೆ ಎಂಬುದು ಯೋಜನೆಯ ಲೆಕ್ಕ. ನೀರು ಎರಡು ಹಂತದಲ್ಲಿ ಶುದ್ಧವಾಗಿ ಬರುತ್ತದೆ. ಮೂರನೇ ಹಂತವೂ ಬೇಕು ಎಂಬ ಹೋರಾಟಗಾರರ ಬೇಡಿಕೆಗೆ ನನ್ನದೂ ಒಂದು ಸಹಿ ಇರಲಿ. ಇಷ್ಟಾದರೂ ನರಸಾಪುರದ ಕಡೆಯ ರೈತರನ್ನು ಮಾತಾಡಿಸಿ ನೋಡಿ. ಸಾವಿರದ ಇನ್ನೂರು, ಸಾವಿರದ ಐನೂರು ಅಡಿ ಕೊರೆಸಿ ಸಾಲಕ್ಕೆ ಬಿದ್ದವರು, ಕೊಳವೆ ಬಾವಿಯಲ್ಲಿ ನೀರು ಮೇಲೆ ಬಂತು ಅಂದಾಗ ಬೆಂಗಳೂರಿನಲ್ಲಿ ಕೂತು ಮೂಗು ಮುಚ್ಚಿಕೊಳ್ಳುವುದು ಸಣ್ಣತನ.

ಆದರೆ ಈ ಪೈಪಿನ ನೀರು ಒಂದು ಕೆಟ್ಟ ಅಭ್ಯಾಸವನ್ನೂ ತಂದಿತು. ಗೋಮಾಳ ಒತ್ತುವರಿಯಾದರೂ ಕೆರೆ ತುಂಬಿರುತ್ತದೆ. ಕಾಲುವೆಯ ಮೇಲೆ ಲೇಔಟಿನ ರಸ್ತೆ ಬಂದರೂ ಕೆರೆ ತುಂಬಿರುತ್ತದೆ. ಮೇಲಿನ ನೆಲ ಸತ್ತದ್ದು ಏರಿಯ ಮೇಲೆ ನಿಂತವನಿಗೆ ಕಾಣುವುದೇ ಇಲ್ಲ. ಕರೆಂಟು, ಪಂಪು, ಇಲಾಖೆ ಮೂರೂ ಸರಿಯಿರುವವರೆಗೆ ಈ ನೀರು. ನಮ್ಮ ಮಳೆಯೋ ವರ್ಷಕ್ಕೆ ಸುಮಾರು 700 ಮಿಲಿಮೀಟರ್, ಅದರಲ್ಲಿ ಕೆರೆಗೆ ನೀರು ತರುವುದು ನಾಲ್ಕೈದು ಜಡಿ ಮಳೆ. ಆ ನಾಲ್ಕೈದು ದಿನ ಕಾಲುವೆ ತೆರೆದಿರಬೇಕು, ಅಷ್ಟೇ. ತೆರೆದಿರದಿದ್ದರೆ ನೀರು ದಾರಿ ಕಾಣದೆ ಟೊಮೆಟೊ ತೋಟಕ್ಕೂ ಮನೆಯ ನಡುಮನೆಗೂ ನುಗ್ಗುತ್ತದೆ. 2021ರಲ್ಲಿ ಅದನ್ನೂ ನೋಡಿದಿರಿ.

ಕಾಲುವೆ ಯಾಕೆ ಮುಚ್ಚಿಕೊಳ್ಳುತ್ತದೆ ಎಂದು ತಿಳಿಯಲು ತಜ್ಞರು ಬೇಡ. ಟೊಮೆಟೊ ಬೆಳೆಯುವ ಯಾವ ಊರಿನಲ್ಲಾದರೂ ಪೋಷಕ ಕಾಲುವೆಯ ಮೋರಿಗೆ ಬಗ್ಗಿ ಕೈ ಹಾಕಿ. ಮೊದಲು ಬರುವುದು ಒಂದು ಕಡೆ ಕಪ್ಪು, ಒಂದು ಕಡೆ ಬೆಳ್ಳಿ ಬಣ್ಣದ ಮಲ್ಚಿಂಗ್ ಶೀಟು, ಎಳೆದಷ್ಟೂ ಬರುತ್ತದೆ. ಅದಕ್ಕೆ ಸುತ್ತಿಕೊಂಡ ಡ್ರಿಪ್ ಪೈಪಿನ ತುಂಡು, ಗಿಡ ಕಟ್ಟಿದ ಪ್ಲಾಸ್ಟಿಕ್ ದಾರ, ಔಷಧಿ ಬಾಟ್ಲಿ, ಮದ್ಯದ ಟೆಟ್ರಾ ಪ್ಯಾಕೆಟ್ಟು. ಇದೆಲ್ಲದರ ಹಿಂದೆ ಹಪ್ಪಳದಂತೆ ಪದರ ಕಟ್ಟಿದ ಮಣ್ಣು. ಬೆಳೆ ಮುಗಿದ ಮೇಲೆ ಶೀಟು ಕಿತ್ತು ಬದುವಿಗೆ ಎಸೆಯುತ್ತೇವೆ. ಸುಟ್ಟರೆ ಹೊಗೆ, ಬಿಟ್ಟರೆ ಮೋರಿ. ಕೋಲಾರದ ಎಪಿಎಂಸಿಗೆ ಬಂದು ಬೀಳುವ ಟೊಮೆಟೊ ರಾಶಿಯ ಬಗ್ಗೆ ಹೆಮ್ಮೆ ಪಡುವ ನಾವು, ಆ ರಾಶಿಯ ಹಿಂದೆ ಉಳಿಯುವ ಈ ಶೀಟನ್ನು ವಾಪಸ್ ತೆಗೆದುಕೊಳ್ಳುವ ಏರ್ಪಾಡು ಮಾಡಿ ಎಂದು ಮಾರಿದ ಅಂಗಡಿಯವರನ್ನು ಕೇಳಿದ್ದೇವೆಯೇ? ಹಬ್ಬದ ಖರ್ಚಿಗೆ ಚಂದಾ ಕೇಳಲು ಹೇಗೂ ಅವರ ಅಂಗಡಿಗೆ ಹೋಗುತ್ತೀರಿ. ಜೊತೆಗೆ ಇದನ್ನೂ ಕೇಳಿ.

ಕಾಲುವೆಗೆ ನೀರು ಕೊಡಬೇಕಾದ ಮೇಲಿನ ನೆಲವನ್ನು ಹಿಡಿದ ನೀಲಗಿರಿಯ ಕಥೆ ಹಳೆಯದು, ಚಿಕ್ಕದಾಗಿ ಹೇಳುತ್ತೇನೆ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಕ್ಕೆ ನೀಲಗಿರಿ ಇಳಿದದ್ದು ನಮ್ಮ ಜಿಲ್ಲೆಯಲ್ಲೇ ಜೋರು. ಸಂಶೋಧಕರಾದ ವಂದನಾ ಶಿವ, ಶರತ್ಚಂದ್ರ, ಬಂದ್ಯೋಪಾಧ್ಯಾಯ ಸೇರಿ ಕೋಲಾರದ ಈ ಬದಲಾವಣೆಯ ಬಗ್ಗೆಯೇ 1981ರಲ್ಲಿ ಅಧ್ಯಯನ ಮಾಡಿದರು. 1983ರಲ್ಲಿ ತುಮಕೂರಿನ ಕಡೆ ರೈತರು ಸಸಿ ಕಿತ್ತೆಸೆದರು. ಸರ್ಕಾರ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ನಡುವೆ ಹೋದ ವರ್ಷಗಳ ಲೆಕ್ಕ ಹಾಕಿಕೊಳ್ಳಿ. ಕಡಿದ ಬೊಡ್ಡೆ ಇವತ್ತಿಗೂ ಚಿಗುರುತ್ತದೆ. ಬೇರು ಸಮೇತ ತೆಗೆಸಲು ಜೆಸಿಬಿ ಖರ್ಚು ಸಣ್ಣ ರೈತನಿಗೆ ಹೊರೆ. ಸಂಘದ ದುಡ್ಡು ಎಲ್ಲಿ ಹಾಕೋಣ ಎಂದು ಕೇಳುವವರಿಗೆ ಇದೊಂದು ಜಾಗ.

ಈಗ ಹಬ್ಬದ ತಿಂಗಳ ಮಾತು. ಉಗಾದಿ ಕಳೆದು ಭರಣಿ ಮಳೆಗೆ ಮುಂಚೆ ಮಾಡಿ. ಕೆರೆಯಂಗಳ ಒಣಗಿರುತ್ತದೆ, ಕಾಲುವೆಯ ತಳ ಕಾಣುತ್ತಿರುತ್ತದೆ, ಮಕ್ಕಳಿಗೆ ಪರೀಕ್ಷೆ ಮುಗಿದಿರುತ್ತದೆ. ಮೇ ಹುಟ್ಟಿದರೆ ಶ್ರೀನಿವಾಸಪುರದವರು ಮಾವಿನ ಮಂಡಿ ಬಿಟ್ಟು ತಲೆಯೆತ್ತಲಾರರು. ಜೂನ್ 5ರ ಪರಿಸರ ದಿನ, ಜುಲೈನ ವನಮಹೋತ್ಸವ ಇಲಾಖೆಯವರಿಗೆ ಇರಲಿ. ಬಿಸಿಲು ಅನ್ನುತ್ತೀರಿ. ಬೆಳಗ್ಗೆ ಆರಕ್ಕೆ ಶುರು ಮಾಡಿ ಹತ್ತಕ್ಕೆ ಮುಗಿಸಿ, ತೋಪಿನ ನೆರಳಲ್ಲಿ ಊಟಕ್ಕೆ ಕೂತರೆ ಆಯಿತು. ತೋಪು ಉಳಿದಿಲ್ಲ ಎಂದರೆ ಅದು ಹಬ್ಬದ ದಿನ ಊರೆಲ್ಲ ಸೇರಿ ಗಮನಿಸಬೇಕಾದ ಸಂಗತಿಯೇ. ಮುದ್ದೆ, ಬಸ್ಸಾರು ಸಾಕು. ಡಿವಿಜಿ ಹುಟ್ಟಿದ ಮುಳಬಾಗಿಲು, ಮಾಸ್ತಿಯವರ ಮಾಲೂರು ಎಂದು ಯಾರಾದರೂ ಮೈಕ್ ಹಿಡಿದರೆ ಮುದ್ದೆ ಆರಿತೆಂದೇ ಲೆಕ್ಕ, ಆದ್ದರಿಂದ ಮೈಕ್ ತರಿಸಬೇಡಿ. ಮೈಕಿಲ್ಲದೆ ಜನ ಸೇರುತ್ತಾರೆಯೇ ಎಂಬ ಅನುಮಾನವಿದ್ದರೆ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದವರನ್ನು ಕೇಳಿ. ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಅಲ್ಲಿ ಹುಣ್ಣಿಮೆ ಹಾಡು ಶುರು ಮಾಡಿದಾಗ ಜನ ಬೆಟ್ಟ ಹತ್ತಿ ಹೋದದ್ದು ಹಾಡಿಗೆ, ಆಟಕ್ಕೆ, ಬೆಳದಿಂಗಳಿಗೆ.

ಬೆಟ್ಟ ಎಂದಾಗ ಇನ್ನೊಂದು ನೆನಪಾಯಿತು. ನಮ್ಮ ಜಿಲ್ಲೆಯ ಹೆಸರು ಹೊತ್ತ ಒಂದು ಜೀವಿ ಇದೆ, ನಿಮ್ಮಲ್ಲಿ ಹೆಚ್ಚಿನವರು ನೋಡಿಲ್ಲ: ಕೋಲಾರದ ಎಲೆಮೂಗಿನ ಬಾವಲಿ. ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ಹೆಸರಿಸಿದ್ದು 1994ರಲ್ಲಿ. ಆಗ ತೇರಹಳ್ಳಿಯ ಗುಹೆಯಲ್ಲೂ ಇತ್ತು, ಈಗಿಲ್ಲ. ಈಗ ಜಗತ್ತಿನಲ್ಲಿ ಅದು ಇರುವುದು ಗೊತ್ತಾಗಿರುವುದು ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ಗುಡ್ಡದ ಗುಹೆಯೊಂದರಲ್ಲಿ ಮಾತ್ರ, ತೀರಾ ಕಡಿಮೆ ಸಂಖ್ಯೆಯಲ್ಲಿ. ಅದಕ್ಕೆ ಬಂದ ಕಂಟಕ ಕಲ್ಲು ಗಣಿಗಾರಿಕೆ. ಮೂಗಿನ ಮೇಲೆ ಎಲೆಯಂಥ ಚರ್ಮದ ಮಡಿಕೆ, ಮುಷ್ಟಿಯಲ್ಲಿ ಅಡಗುವಷ್ಟು ಮೈ, ರಾತ್ರಿಯೆಲ್ಲ ಹುಳು ಹಿಡಿದು ತಿನ್ನುವ ಕೆಲಸ. ನೋಡಲು ಯಾರೂ ಹೋಗಬೇಡಿ, ಗುಹೆಗೆ ಜನ ನುಗ್ಗುವುದೂ ಅದಕ್ಕೆ ಆಪತ್ತೇ. ಆದರೆ ಹಬ್ಬದ ಬ್ಯಾನರಿನ ಮೇಲೆ ನವಿಲು, ಹುಲಿಯ ಬದಲು ಇದರ ಚಿತ್ರ ಬರೆಸಿ. ಕೆರೆಗೆ ನೀರು ಕೊಡುವ ಗುಡ್ಡವೂ, ಈ ಬಾವಲಿ ಮಲಗುವ ಗುಡ್ಡವೂ, ಕಲ್ಲಿನ ಲಾರಿ ಹತ್ತುವ ಗುಡ್ಡವೂ ಒಂದೇ ಸಾಲಿನವು. ಕಲ್ಲುಗಣಿ ಕಂಡ ಟೇಕಲ್ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾಲೂರಿನವರಿಗೆ ಒಂದು ಪ್ರತ್ಯೇಕ ಮಾತು. ನಿಮ್ಮ ಹೆಂಚು, ಇಟ್ಟಿಗೆ ಹೆಸರು ಮಾಡಿದ್ದೇ ನಿಮ್ಮ ಮಣ್ಣಿನಿಂದ. ಹೂಳು ತೆಗೆಯುತ್ತೇವೆ ಎಂದು ಟಿಪ್ಪರ್ ಬಂದಾಗ ಊರು ಕೇಳಬೇಕಾದದ್ದು ಎರಡೇ: ಎಷ್ಟು ಆಳಕ್ಕೆ, ಯಾರ ಹೊಲಕ್ಕೆ? ಮೇಲಿನ ಗೋಡುಮಣ್ಣು ಮೊದಲು ಊರ ಹೊಲಗಳಿಗೆ ಹೋಗಲಿ, ಹಿಂದೆ ಗಾಡಿ ಕಟ್ಟಿ ಹೊಡೆಯುತ್ತಿದ್ದದ್ದೂ ಹಾಗೇ. ಅದರ ಕೆಳಗಿನ ಗಟ್ಟಿ ಮಣ್ಣನ್ನು ಗುಂಡಿ ಗುಂಡಿಯಾಗಿ ತೋಡಿಕೊಂಡು ಹೋದರೆ ಮುಂದಿನ ಮಳೆಗೆ ಅಲ್ಲಿ ನೀರು ನಿಲ್ಲುವುದು ದನ, ಮಕ್ಕಳು ಮುಳುಗಲಿಕ್ಕೆ.

ಶ್ರೀನಿವಾಸಪುರದವರಿಗೆ ಹೇಳಬೇಕಾದದ್ದು ಕಷ್ಟದ್ದು. 2023ರಲ್ಲಿ ಅರಣ್ಯ ಇಲಾಖೆ ಒತ್ತುವರಿ ತೆರವು ಮಾಡಿದಾಗ ಫಸಲು ಬಿಡುವ ಮಾವಿನ ಮರಗಳೂ ಉರುಳಿದವು. ಇದನ್ನು ಹಬ್ಬದಲ್ಲಿ ಎತ್ತಿದರೆ ಗಲಾಟೆಯಾಗುತ್ತದೆ ಎಂದು ಹಿರಿಯರು ಹೇಳಬಹುದು. ಎತ್ತದಿದ್ದರೆ ಮರ ಕಳೆದುಕೊಂಡ ಎರಡೆಕರೆಯವನು ಆ ಹಬ್ಬಕ್ಕೆ ಯಾವ ಮುಖ ಹೊತ್ತು ಬರಬೇಕು? ಕಾಡು ಉಳಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಯಾರದು ಹೊಟ್ಟೆಪಾಡಿನ ಒತ್ತುವರಿ, ಯಾರದು ದುರಾಸೆಯದು ಎಂಬುದು ಕಡತಕ್ಕೆ ಗೊತ್ತಿಲ್ಲದಿದ್ದರೂ ಊರಿಗೆ ಗೊತ್ತು. ಗೋಮಾಳ, ಕೆರೆ, ಕಟ್ಟೆಗಳಂಥ ಊರೊಟ್ಟಿನ ಜಾಗ ತೆರವಾಗಬೇಕು ಎಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲೇ ಹೇಳಿತು, ಜಗಪಾಲ್ ಸಿಂಗ್ ಪ್ರಕರಣದಲ್ಲಿ. ಆ ತೀರ್ಪಿನ ಬಿಸಿ ಬಡವನ ಬದುವಿಗೆ ಮಾತ್ರ ತಟ್ಟದಂತೆ ನೋಡಿಕೊಳ್ಳುವುದು ಹಬ್ಬ ಮಾಡುವವರ ಹೊಣೆ.

ಕೊನೆಗೆ ಎರಡು ಕಾಗದದ ಕೆಲಸ, ಇವು ಹಬ್ಬದ ದಿನಕ್ಕೆ ಕಾಯುವಂಥವಲ್ಲ. ತಾಲ್ಲೂಕು ಕಚೇರಿಗೆ ಹೋಗಿ ನಿಮ್ಮ ಊರಿನ ಗ್ರಾಮ ನಕ್ಷೆಯ ಪ್ರತಿ ತೆಗೆದುಕೊಳ್ಳಿ; ಹಳೆಯ ನಕ್ಷೆಯಲ್ಲಿ ಹಳ್ಳ, ಕಾಲುವೆಗಳ ಗೆರೆ ಇರುತ್ತದೆ. ನೀರುಗಂಟಿ ಮನೆಯವರು ತೋರಿಸಿದ ದಾರಿಯನ್ನು ಅದರ ಮೇಲಿಟ್ಟು ನೋಡಿ, ಎರಡೂ ಎಲ್ಲಿ ಕೂಡುವುದಿಲ್ಲವೋ ಅಲ್ಲಿಗೆ ಗುರುತು ಹಾಕಿ. ಆ ಸರ್ವೆ ನಂಬರುಗಳನ್ನು ಬರೆದು, ಗ್ರಾಮ ಪಂಚಾಯಿತಿಯ ಠರಾವಿನ ಜೊತೆ, ಅಳತೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸರ್ವೆಯರ್ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಉಗಾದಿಗೆ ಬೇಕೆಂದರೆ ಅರ್ಜಿ ದೀಪಾವಳಿಯ ಹೊತ್ತಿಗೇ ಹೋಗಿರಬೇಕು.

ಇತಿ,
ನಿಮ್ಮ ಸೀಮೆಯವನೇ ಒಬ್ಬ